ಮಳೆಯೇ ಇಲ್ಲದೆ ಇಂಡಿ ಕಡೆ ಜೋಳ ಹೇಗೆ ಬೆಳೆಯುತ್ತದೆ?

ಘಟ್ಟದ ಮೇಷ್ಟ್ರು:
ನಮ್ಮೂರು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆಗೆ ಹತ್ತಿರ. ಜುಲೈ ಒಂದೇ ತಿಂಗಳಲ್ಲಿ ಮಳೆ 2,000 ಮಿಲಿಮೀಟರ್ ದಾಟುವ ಜಾಗ. ಈ ವರ್ಷ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಹಳ್ಳಿ ಶಾಲೆಗೆ ಬಂದೆ. ಜೂನ್‌ನಲ್ಲಿ ಅಭ್ಯಾಸಬಲದಿಂದ ದಿನಾ ಕೊಡೆ ಹಿಡಿದು ಹೋಗುತ್ತಿದ್ದೆ. ಮಕ್ಕಳು ಅದು ಬಿಸಿಲಿಗೆ ಅಂದುಕೊಂಡಿದ್ದರು.

ಈಗ ಡಿಸೆಂಬರ್. ಒಗೆದ ಪಂಚೆ ಒಂದು ಗಂಟೆಯಲ್ಲಿ ಗರಿಗರಿ. ಊರಲ್ಲಿ ಮಳೆಗಾಲವಿಡೀ ಬಟ್ಟೆಯನ್ನು ಒಲೆಯ ಮೇಲೆ ಹಾಕಿ ಹೊಗೆ ವಾಸನೆ ಹಿಡಿಸಿಕೊಂಡವನಿಗೆ ಇದೊಂದು ಸುಖ. ಆದರೆ ತುಟಿ ಒಡೆದಿದೆ, ಹಿಮ್ಮಡಿ ಸೀಳಿದೆ. ಅಮ್ಮ ಕಳಿಸಿದ ಹಲಸಿನ ಮಣೆ ಕೂಡ ನಡುವೆ ಬಿರುಕು ಬಿಟ್ಟಿತು.

ನನ್ನ ಪ್ರಶ್ನೆ ಇದು. ನಮ್ಮ ಮನೆ ಮಾಲೀಕರು (ಎಲ್ಲರಂತೆ ನಾನೂ ಕಾಕಾ ಅಂತಲೇ ಕರೆಯುವುದು) ಅಕ್ಟೋಬರ್ ಮೊದಲ ವಾರ ನಾಲ್ಕು ಎಕರೆ ಬಿಳಿಜೋಳ ಬಿತ್ತಿದರು. ಆಮೇಲೆ ಒಂದೇ ಒಂದು ಮಳೆ. ಬೋರ್‌ವೆಲ್ ಇಲ್ಲ, ಕಾಲುವೆ ಇಲ್ಲ. ಜೋಳ ಮಾತ್ರ ನನ್ನ ಎದೆ ಮಟ್ಟ ಬಂದಿದೆ. ಮೊನ್ನೆ ಹೊಲದ ಬಿರುಕಿನಲ್ಲಿ ಸುಮ್ನೆ ಕೊಡೆ ಇಳಿಸಿ ನೋಡಿದೆ, ಹಿಡಿಕೆವರೆಗೂ ಹೋಯಿತು! ಅಷ್ಟು ಒಣಗಿದ ನೆಲದಲ್ಲಿ ಬೆಳೆ ಹೇಗೆ ಹಸಿರಾಗಿದೆ? ಕಾಕಾನ ಕೇಳಿದರೆ, "ಮಾಸ್ತರ, ಜ್ವಾಳ ಚಳಿ ಕುಡದು ಬೆಳೀತದ" ಅಂದು ನಕ್ಕರು. ಕ್ಲಾಸಿನಲ್ಲಿ ನೀರಿಲ್ಲದಿದ್ದರೆ ಗಿಡ ಒಣಗುತ್ತದೆ ಅಂತ ಹೇಳಿಕೊಟ್ಟೆ. ಹಿಂದಿನ ಬೆಂಚಿನ ಹುಡುಗಿ, "ನಮ್ಮ ಹೊಲ ಒಣಗಿಲ್ಲಲ್ರೀ ಸರ" ಅಂದಳು. ಉತ್ತರ ಹೊಳೆಯಲಿಲ್ಲ.

ಎರೆಹೊಲ:
ಮಾಸ್ತರೇ, ನಮ್ಮದು ಬಾಗೇವಾಡಿ ಕಡೆ, ಹನ್ನೊಂದು ಎಕರೆ ಎರೆ, ಅಂದರೆ ಕಪ್ಪು ಮಣ್ಣಿನ ಹೊಲ. ಮೊದಲು ಹೇಳಿ, ಕೊಡೆ ಇಳಿಸಿದ್ದು ಬದುವಿನ ಪಕ್ಕ ಅಲ್ವಾ? ಸಾಲಿನ ಒಳಗೆ ಇಳಿಸಿ ನೋಡಿ, ಹೋಗುವುದಿಲ್ಲ. ಅಲ್ಲಿ ಎಡೆ ಹೊಡೆದಿರುತ್ತಾರೆ. ಜೋಳದ ಸಾಲುಗಳ ನಡುವೆ ಎಡೆಕುಂಟೆ ಎಳೆದರೆ ಕಳೆಯೂ ಹೋಗುತ್ತದೆ, ಬಿರುಕಿನ ಬಾಯಿಯೂ ಮುಚ್ಚುತ್ತದೆ. ಮೇಲಿನ ನಾಲ್ಕು ಬೆರಳು ಮಣ್ಣು ಪುಡಿಯಾಗಿ ಒಣಗಿ ಹೊದಿಕೆ ಥರ ಕೂರುತ್ತದೆ. ಕೆಳಗಿನ ಹಸಿ ಮೇಲೆ ಬರುವುದಿಲ್ಲ. ನಾವು ಎಡೆ ಹೊಡೆಯುವುದು ಕಳೆಗಿಂತ ಜಾಸ್ತಿ ಈ ಹಸಿ ಉಳಿಸಲಿಕ್ಕೆ.

ನಿಮ್ಮ ಕಾಕಾ ಮುಂಗಾರಿನಲ್ಲಿ ಆ ಹೊಲ ಖಾಲಿ ಬಿಟ್ಟಿದ್ದರಾ ಕೇಳಿ. ಬಿಟ್ಟೇ ಇರುತ್ತಾರೆ. ಸುಮ್ನೆ ಬಿಟ್ಟಿದ್ದಲ್ಲ. ಮಳೆ ಬಿದ್ದಾಗಲೆಲ್ಲ ಹರಗುತ್ತಾ, ಚೌಕ ಮಡಿ ಕಟ್ಟಿ ನೀರು ನಿಲ್ಲಿಸುತ್ತಾ ಮಣ್ಣಿಗೆ ಕುಡಿಸಿರುತ್ತಾರೆ. ಉತ್ತರಿ, ಹಸ್ತ ಮಳೆ ನೆಟ್ಟಗೆ ಬಂದರೆ ನಮ್ಮ ಅರ್ಧ ಚಿಂತೆ ಮುಗಿಯಿತು.

ಮಣ್ಣುಪರೀಕ್ಷೆ:
ಧಾರವಾಡದಲ್ಲಿ ಕೃಷಿ ಓದಿದವನು. ಎರೆಹೊಲದವರು ಹೇಳಿದ್ದು ಸರಿ, ಸ್ವಲ್ಪ ಲೆಕ್ಕ ಸೇರಿಸುತ್ತೇನೆ. ವಿಜಯಪುರದಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು 600 ಮಿಲಿಮೀಟರ್, ಅದರಲ್ಲಿ ಸೆಪ್ಟೆಂಬರ್ ಪಾಲೇ ದೊಡ್ಡದು. ಎರೆ ಮಣ್ಣಿನಲ್ಲಿ ಜೇಡಿ ಅಂಶ ಜಾಸ್ತಿ. ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ. ಒಂದು ಮೀಟರ್ ಆಳದ ಒಳ್ಳೆಯ ಎರೆಯಲ್ಲಿ ಬೇರಿಗೆ ಸಿಗುವ ನೀರು ಸುಮಾರು 150ರಿಂದ 200 ಮಿಲಿಮೀಟರ್. ಜೋಳದ ಬೇರು ಅದನ್ನು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ. ನಿಮ್ಮೂರ ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಅಷ್ಟು ದಿನ ನಿಲ್ಲುವುದಿಲ್ಲ.

ಚಳಿ ಕುಡಿಯುವ ಮಾತೂ ಪೂರ್ತಿ ಸುಳ್ಳಲ್ಲ. ಇಬ್ಬನಿಯಿಂದ ಬರುವ ನೀರು ತೀರಾ ಕಡಿಮೆ. ಆದರೆ ರಾತ್ರಿ ತಂಪಿದ್ದರೆ ಎಲೆಯಿಂದ ನೀರು ಕಡಿಮೆ ಹೋಗುತ್ತದೆ, ಕಾಳು ನಿಧಾನವಾಗಿ ಚೆನ್ನಾಗಿ ತುಂಬುತ್ತದೆ. ಚಳಿ ಕಡಿಮೆಯಾದ ವರ್ಷ ಇಳುವರಿಯೂ ಇಳಿಯುತ್ತದೆ.

ತಿಕೋಟಾ ದ್ರಾಕ್ಷಿ:
ಮೇಷ್ಟ್ರೇ, ಪಾಪ ಬೆಳೆಗೆ ನೀರಿಲ್ಲ ಅಂತ ಮಳೆಗೆ ಮಾತ್ರ ಬೇಡಿಕೊಳ್ಳಬೇಡಿ! ಈಗ ಮಳೆ ಬಂದರೆ ನಮ್ಮ ದ್ರಾಕ್ಷಿಗೆ ರೋಗ. ಫೆಬ್ರುವರಿಯಲ್ಲಿ ಬಂದರೆ ಒಣಗಲು ಹಾಕಿದ ಮಣೂಕ (ಒಣದ್ರಾಕ್ಷಿ) ಕಪ್ಪಾಗುತ್ತದೆ, ನಿಮ್ಮ ಕಾಕಾರ ತೆನೆಯೂ ಕಪ್ಪಾಗುತ್ತದೆ. ಮೋಡ ಕಂಡರೆ ನಮಗೆ ನಿದ್ದೆ ಬರುವುದಿಲ್ಲ.

ಘಟ್ಟದ ಮೇಷ್ಟ್ರು:
ಬದುವಿನ ಪಕ್ಕವೇ ಆಗಿತ್ತು, ಒಪ್ಪಿದೆ! ಇವತ್ತು ಸಾಲಿನ ನಡುವೆ ಕೂತು ಕೈಯಿಂದ ಮಣ್ಣು ಕೆದಕಿದೆ. ಮೇಲೆ ರವೆಯ ಹಾಗೆ ಪುಡಿ. ಗೇಣುದ್ದ ಕೆಳಗೆ ತಣ್ಣಗಿತ್ತು, ಹಿಡಿದರೆ ಉಂಡೆ ಕಟ್ಟಿತು. ನಾಳೆ ಆ ಹುಡುಗಿಯ ಕೈಲೇ ಕ್ಲಾಸಿಗೆ ವಿವರಿಸಲು ಹೇಳುತ್ತೇನೆ, ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇನ್ನೊಂದು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು (ಬೆಳೆಗೆ ಅಡುಗೆಯ ಎಡೆ ಅರ್ಪಿಸಲು) ಹೊಲಕ್ಕೆ ಬಾ ಅಂದಿದ್ದಾರೆ. ಊರಿಂದ ಅಪ್ಪೆಮಿಡಿ ಉಪ್ಪಿನಕಾಯಿ ಬಂದಿದೆ. ಒಯ್ಯಬಹುದಾ?

ಎರೆಹೊಲ:
ಭರಣಿ ತುಂಬಾ ಒಯ್ಯಿರಿ, ಸಜ್ಜೆ ರೊಟ್ಟಿಗೆ ಚಲೋ ಆಗುತ್ತದೆ. ಜನವರಿಗೆ ಸೀತನಿ (ಸುಟ್ಟ ಎಳೆ ಜೋಳದ ಕಾಳು) ತಿನ್ನಲಿಕ್ಕೂ ಕರೆಯುತ್ತಾರೆ, ತಪ್ಪಿಸಬೇಡಿ. ಹಿಮ್ಮಡಿ ಒಡೆದಿದೆ ಅಂದಿರಲ್ಲ, ಪಕ್ಕದಲ್ಲಿ ಕಡಲೆ ಹೊಲ ಇದ್ದರೆ ಮುಂಜಾನೆ ಬರಿಗಾಲಲ್ಲಿ ಇಳಿಯಬೇಡಿ. ಇಬ್ಬನಿ ಜೊತೆ ಕಡಲೆಯ ಹುಳಿ ಇಳಿದಿರುತ್ತದೆ, ಸೀಳಿಗೆ ತಾಗಿದರೆ ಚುರುಚುರು ಉರಿಯುತ್ತದೆ.