ಸಿಡಿ ಡ್ರೈವ್ ಇಲ್ಲದ ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕೋದು ಹೇಗೆ? ಮಾಡಿದವರು ಹೇಳಿ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಪೆಂಟಿಯಂ ಎಂ ಪ್ರೊಸೆಸರಿನ ಹಳೆಯ ಲ್ಯಾಪ್‌ಟಾಪ್ ಇದೆ. 1 ಜಿಬಿ ರ‍್ಯಾಮ್, 40 ಜಿಬಿ ಹಾರ್ಡ್ ಡಿಸ್ಕ್. ಸಿಡಿ ಡ್ರೈವ್ ಕೆಟ್ಟಿದೆ, ಫ್ಲಾಪಿ ಇಲ್ಲವೇ ಇಲ್ಲ. ಒಳಗಿರುವ ವಿಂಡೋಸ್ ಎಕ್ಸ್‌ಪಿ ಈಗಲೂ ಓಡುತ್ತದೆ, ಆದರೆ ಅದನ್ನು ಇಟ್ಟುಕೊಂಡು ಇಂಟರ್ನೆಟ್‌ಗೆ ಹೋಗೋಕೆ ಧೈರ್ಯ ಇಲ್ಲ. ಲಿನಕ್ಸ್ ಹಾಕಿಕೊಂಡು ಓದೋಕೆ, ಬರೆಯೋಕೆ ಬಳಸಬೇಕು ಅಂತ ಆಸೆ. ಪೆನ್ ಡ್ರೈವ್ ಚುಚ್ಚಿ ಆನ್ ಮಾಡಿದರೆ ಅದರ ಕಡೆ ತಿರುಗಿಯೂ ನೋಡದೆ ಸೀದಾ ಎಕ್ಸ್‌ಪಿಗೆ ಹೋಗುತ್ತದೆ. ಇಂಥದ್ದನ್ನು ಯಾರಾದರೂ ಮಾಡಿದ್ದೀರಾ?

———

ಮಾಡಿದ್ದೇನೆ, ಒಂದಕ್ಕಿಂತ ಹೆಚ್ಚು ಯಂತ್ರಗಳಲ್ಲಿ. ಎಕ್ಸ್‌ಪಿ ಇನ್ನೂ ಓಡುತ್ತದೆ ಅಂದಿರಲ್ಲ, ಅದೇ ನಿಮ್ಮ ದೊಡ್ಡ ಆಸ್ತಿ. ದಯವಿಟ್ಟು ಅದನ್ನು ಈಗಲೇ ಅಳಿಸಬೇಡಿ. ಡ್ರೈವ್ ಇಲ್ಲದ ಯಂತ್ರದಲ್ಲಿ ಹಾರ್ಡ್ ಡಿಸ್ಕ್‌ನಿಂದ ಏನೋ ಒಂದು ಶುರುವಾಗುತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಬಯಾಸ್ (ಆನ್ ಮಾಡಿದ ಕೂಡಲೇ ಎಲ್ಲಕ್ಕಿಂತ ಮೊದಲು ಓಡುವ, ಯಂತ್ರದೊಳಗೇ ಇರುವ ತಂತ್ರಾಂಶ) ಒಳಗೆ ಹೋಗಿ ಸರಿಯಾಗಿ ನೋಡಿ. ಬೂಟ್ ಆರ್ಡರ್‌ನಲ್ಲಿ, ಅಂದರೆ ಯಾವುದರಿಂದ ಶುರುವಾಗಬೇಕು ಅನ್ನುವ ಪಟ್ಟಿಯಲ್ಲಿ, ಯುಎಸ್‌ಬಿ ಅನ್ನುವ ಹೆಸರು ಇಲ್ಲ ಅಂದ ಮಾತ್ರಕ್ಕೆ ಆಗೋದೇ ಇಲ್ಲ ಅಂತ ಅಲ್ಲ. ಎಷ್ಟೋ ಬಯಾಸ್‌ಗಳು ಪೆನ್ ಡ್ರೈವನ್ನು ಇನ್ನೊಂದು ಹಾರ್ಡ್ ಡಿಸ್ಕ್ ಅಂತಲೇ ತಿಳಿಯುತ್ತವೆ. ಹಾಗಾಗಿ ಅದು 'ಹಾರ್ಡ್ ಡಿಸ್ಕ್ ಪ್ರಯಾರಿಟಿ' ಅನ್ನುವ ಬೇರೆ ಪಟ್ಟಿಯಲ್ಲಿ ಅಡಗಿರುತ್ತದೆ, ಅದೂ ಆನ್ ಮಾಡುವ ಮುಂಚೆಯೇ ಪೆನ್ ಡ್ರೈವ್ ಚುಚ್ಚಿದ್ದರೆ ಮಾತ್ರ ಕಾಣುತ್ತದೆ. ಪೆನ್ ಡ್ರೈವ್ ಸಣ್ಣದಿರಲಿ, 4 ಅಥವಾ 8 ಜಿಬಿ ಸಾಕು. ಹಳೆಯ ಬಯಾಸ್‌ಗಳು 137 ಜಿಬಿ ಆಚೆ ಓದೋದಿಲ್ಲ, ಕೆಲವು ಅದಕ್ಕೂ ಮೊದಲೇ ಮುಗ್ಗರಿಸುತ್ತವೆ. ಬೂಟ್ ಆಗುವ ಪೆನ್ ಡ್ರೈವ್ ತಯಾರಿಸುವ ರೂಫಸ್ ತಂತ್ರಾಂಶದಲ್ಲಿ ಬರೆಯುವಾಗ ಡಿಸ್ಕ್ ವಿಭಾಗಿಸುವ ಹಳೆಯ ಪದ್ಧತಿಯಾದ ಎಂಬಿಆರ್ ಆರಿಸಿ, ಹೊಸದಾದ ಜಿಪಿಟಿ ಬೇಡ. ಹಳೆಯ ಬಯಾಸ್‌ಗೆ ಹೊಂದಿಸುವ ಒಂದು ಟಿಕ್ ಕೂಡ ಅದರಲ್ಲೇ ಇದೆ, ಅದನ್ನೂ ಹಾಕಿ ನೋಡಿ.

ಇಷ್ಟಾದ ಮೇಲೂ ಕಾಣಲಿಲ್ಲ ಅಂದರೆ ಎಕ್ಸ್‌ಪಿ ಮೂಲಕ ಹೋಗಿ. ಇಲ್ಲಿ ಅರ್ಥ ಮಾಡಿಕೊಳ್ಳಬೇಕಾದ್ದು ಒಂದೇ ವಿಷಯ. ಪೆನ್ ಡ್ರೈವ್ ಕಾಣದೆ ಇರೋದು ಬಯಾಸ್‌ಗೆ ಮಾತ್ರ. ಲಿನಕ್ಸ್‌ನ ತಿರುಳಾದ ಕರ್ನಲ್ ಒಮ್ಮೆ ಮೆಮೊರಿಗೆ ಬಂದು ಕೂತರೆ ಅದರದೇ ಯುಎಸ್‌ಬಿ ಡ್ರೈವರ್ ಇದೆ, ಅದಕ್ಕೆ ಪೆನ್ ಡ್ರೈವ್ ಚೆನ್ನಾಗಿಯೇ ಕಾಣುತ್ತದೆ. ಅಂದರೆ ಹಾರ್ಡ್ ಡಿಸ್ಕ್‌ನಿಂದ ಬರಬೇಕಾದ್ದು ಕರ್ನಲ್ ಮತ್ತು ಇನಿಟ್‌ಆರ್‌ಡಿ (ಶುರುವಾಗೋಕೆ ಬೇಕಾದ ಸಾಮಗ್ರಿಯ ಕಟ್ಟು) ಅನ್ನುವ ಎರಡೇ ಫೈಲ್. ಉಳಿದದ್ದೆಲ್ಲ ಪೆನ್ ಡ್ರೈವ್‌ನಿಂದ ಬರಲಿ.

ನಾನು ಮಾಡುವ ರೀತಿ ಹೀಗೆ. ವಿಂಡೋಸ್ ಇರುವ ಡಿಸ್ಕ್‌ನಿಂದಲೇ ಲಿನಕ್ಸ್ ಶುರು ಮಾಡಿಸುವ ಗ್ರಬ್‌ಫಾರ್‌ಡಾಸ್ ಇಳಿಸಿಕೊಂಡು ಅದರ ಜಿಆರ್‌ಎಲ್‌ಡಿಆರ್ ಫೈಲನ್ನು ನೇರವಾಗಿ ಸಿ ಡ್ರೈವ್‌ನಲ್ಲೇ ಇಡಬೇಕು, ಯಾವ ಫೋಲ್ಡರ್ ಒಳಗೂ ಅಲ್ಲ. ಅಲ್ಲೇ ಬೂಟ್.ಐಎನ್‌ಐ ಅನ್ನುವ ಫೈಲ್ ಇರುತ್ತದೆ, ಎಕ್ಸ್‌ಪಿಯ ಬೂಟ್ ಮೆನು ಇರೋದು ಅದರಲ್ಲೇ. ಅಡಗಿಸಿದ ಫೈಲ್ ಅದು, ಜೊತೆಗೆ ರೀಡ್ ಓನ್ಲಿ, ಅದಕ್ಕೇ ಸುಮ್ನೆ ಹುಡುಕಿದರೆ ಸಿಗೋದಿಲ್ಲ. ಮೊದಲು ಅದರ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಕೊನೆಯ ಸಾಲಾಗಿ ಜಿಆರ್‌ಎಲ್‌ಡಿಆರ್ ಇರುವ ಜಾಗ ಬರೆದು, ಮೇಲೆ ಟೈಮ್‌ಔಟ್ ಸೊನ್ನೆ ಇದ್ದರೆ 10 ಮಾಡಿ. ಇಲ್ಲವಾದರೆ ಮೆನು ಕಣ್ಣಿಗೆ ಬೀಳುವ ಮೊದಲೇ ಎಕ್ಸ್‌ಪಿ ಶುರುವಾಗಿಬಿಡುತ್ತದೆ. ಆಮೇಲೆ ಮೆನು.ಎಲ್‌ಎಸ್‌ಟಿ ಅನ್ನುವ ಫೈಲ್‌ನಲ್ಲಿ ಮೂರೇ ಸಾಲು: ಒಂದು ಹೆಸರು, ಕರ್ನಲ್ ಎಲ್ಲಿದೆ, ಇನಿಟ್‌ಆರ್‌ಡಿ ಎಲ್ಲಿದೆ.

ಡೆಬಿಯನ್ ಅನ್ನುವ ಲಿನಕ್ಸ್ ಹಾಕುವುದಾದರೆ ಆ ಎರಡು ಫೈಲನ್ನು ಅವರ ಸೈಟ್‌ನ ಎಚ್‌ಡಿ-ಮೀಡಿಯಾ ಫೋಲ್ಡರ್‌ನಿಂದಲೇ ತೆಗೆದುಕೊಳ್ಳಿ. ಐಎಸ್‌ಒ (ಇಡೀ ಇನ್‌ಸ್ಟಾಲ್ ಸಿಡಿಯ ನಕಲಾದ ಒಂದೇ ಫೈಲ್) ಒಳಗಿರುವ ಕರ್ನಲ್ ಸಿಡಿಯನ್ನೇ ಹುಡುಕುತ್ತಾ ನಿಲ್ಲುತ್ತದೆ, ಎಚ್‌ಡಿ-ಮೀಡಿಯಾದ್ದು ಡಿಸ್ಕ್‌ಗಳಲ್ಲಿ ಐಎಸ್‌ಒ ಫೈಲ್ ಎಲ್ಲಿದೆ ಅಂತ ಹುಡುಕುತ್ತದೆ. ಎಚ್‌ಡಿ-ಮೀಡಿಯಾ ಫೈಲ್‌ಗಳ ಮತ್ತು ಐಎಸ್‌ಒದ ಆವೃತ್ತಿ ಒಂದೇ ಇರಬೇಕು, ಒಂದು ಹಳೆಯದು ಒಂದು ಹೊಸದು ಆದರೆ ಕರ್ನಲ್ ಮಾಡ್ಯೂಲ್ ಹೊಂದಿಕೆಯಾಗದೆ ಅಲ್ಲೇ ನಿಲ್ಲುತ್ತದೆ. ಐಎಸ್‌ಒ ಫೈಲನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವ್‌ಗೆ ಹಾಗೇ ಕಾಪಿ ಮಾಡಿ, ಬಿಚ್ಚಬೇಡಿ. ಹೀಗೆ ಮಾಡಿದರೆ ಹಾರ್ಡ್ ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಪಾರ್ಟಿಷನ್ (ವಿಭಾಗ) ಮಾಡಬಹುದು, ಯಾಕಂದರೆ ಅಷ್ಟು ಹೊತ್ತಿಗೆ ಇನ್‌ಸ್ಟಾಲರ್‌ಗೆ ಅದರಿಂದ ಏನೂ ಬೇಕಾಗಿರೋದಿಲ್ಲ.

ಒಂದೇ ಅಪಾಯ. ಪಾರ್ಟಿಷನ್ ಬರೆದ ಮೇಲೆ ಮಧ್ಯದಲ್ಲಿ ಕರೆಂಟ್ ಹೋದರೆ ಅಥವಾ ಐಎಸ್‌ಒ ಕೆಟ್ಟಿದ್ದು ಅರ್ಧಕ್ಕೆ ನಿಂತರೆ ಎಕ್ಸ್‌ಪಿಯೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಅದಕ್ಕೇ ಐಎಸ್‌ಒ ಇಳಿಸಿದ ತಕ್ಷಣ ಎಸ್‌ಎಚ್‌ಎ256 (ಫೈಲ್ ಸರಿಯಾಗಿ ಬಂದಿದೆಯಾ ಅಂತ ತಿಳಿಸುವ ಗುರುತು) ಲೆಕ್ಕ ಹಾಕಿ ಸೈಟ್‌ನಲ್ಲಿರುವುದರ ಜೊತೆ ತಾಳೆ ನೋಡಿ. ಹಳೆಯ ಫೋಟೋ, ಕಾಗದಪತ್ರ ಇದ್ದರೆ ಎಕ್ಸ್‌ಪಿಯಲ್ಲಿರುವಾಗಲೇ ಹೊರಗೆ ತೆಗೆದುಕೊಳ್ಳಿ. ಇದನ್ನು ನಾಳೆ ಮಾಡೋಣ ಅಂತ ಬಿಡಬೇಡಿ.

———

ಮೇಲಿನವರು ಹೇಳಿದ ಗ್ರಬ್‌ಫಾರ್‌ಡಾಸ್ ಜೊತೆ ಪ್ಲಾಪ್ ಬೂಟ್ ಮ್ಯಾನೇಜರ್ ಕೂಡ ಬಳಸಬಹುದು. ಅದು ತೀರಾ ಸಣ್ಣ ಫೈಲ್, ಅದರೊಳಗೇ ಯುಎಸ್‌ಬಿ ಡ್ರೈವರ್ ಇದೆ. ಬಯಾಸ್ ಗುರುತಿಸದ ಪೆನ್ ಡ್ರೈವ್‌ನಿಂದ ಅದೇ ಬೂಟ್ ಮಾಡಿಸುತ್ತದೆ. ಡೆಬಿಯನ್ ಅಲ್ಲದೆ ಬೇರೆ ಏನಾದರೂ ಹಾಕುವುದಾದರೆ ಇದು ಸುಲಭ. ಪೋರ್ಟ್ ಯುಎಸ್‌ಬಿ 1.1 ಆಗಿದ್ದರೆ ಮಾತ್ರ ತಾಳ್ಮೆ ಬೇಕು. ಅದರ ವೇಗ ಸೆಕೆಂಡಿಗೆ 12 ಮೆಗಾಬಿಟ್, ನಿಜದಲ್ಲಿ ಸಿಗೋದು ಸೆಕೆಂಡಿಗೆ ಸುಮಾರು 1 ಎಂಬಿ. ಪರದೆ ಕಪ್ಪಾಗಿ ನಿಂತಿದೆ ಅಂತ ಹೆದರಿ ಪವರ್ ಬಟನ್ ಒತ್ತಬೇಡಿ.

———

ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ನೆಟ್‌ವರ್ಕ್ ಬೂಟ್. ಯುಎಸ್‌ಬಿಯಿಂದ ಬೂಟ್ ಆಗದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಪಿಎಕ್ಸ್‌ಇ, ಅಂದರೆ ನೆಟ್‌ವರ್ಕ್ ಮೂಲಕ ಬೇರೆ ಕಂಪ್ಯೂಟರ್‌ನಿಂದ ಬೂಟ್ ಆಗುವ ಸೌಲಭ್ಯ ಇರುತ್ತದೆ, ಯಾರೂ ಅದರ ಕಡೆ ನೋಡೋದಿಲ್ಲ ಅಷ್ಟೇ. ವೈಫೈ ನಡೆಯೋದಿಲ್ಲ, ಕೇಬಲ್ಲೇ ಬೇಕು. ಇನ್ನೊಂದು ಲಿನಕ್ಸ್ ಕಂಪ್ಯೂಟರ್‌ನಲ್ಲಿ ಡಿಎನ್‌ಎಸ್‌ಮಾಸ್ಕ್ ಅನ್ನುವ ಸಣ್ಣ ಸರ್ವರ್ ತಂತ್ರಾಂಶ ಹಾಕಿ, ಡೆಬಿಯನ್‌ನ ನೆಟ್‌ಬೂಟ್ ಫೈಲ್‌ಗಳನ್ನು ಒಂದು ಫೋಲ್ಡರ್‌ನಲ್ಲಿ ಬಿಚ್ಚಿಟ್ಟು ಅದನ್ನೇ ಟಿಎಫ್‌ಟಿಪಿ (ಬೂಟ್ ಫೈಲ್ ಕಳಿಸುವ ವಿಧಾನ) ಜಾಗ ಅಂತ ತೋರಿಸಿದರೆ ಆಯಿತು. ರೂಟರ್ ಮುಟ್ಟಲೇಬೇಕಿಲ್ಲ. ಡಿಎನ್‌ಎಸ್‌ಮಾಸ್ಕ್‌ನಲ್ಲಿ ಪ್ರಾಕ್ಸಿ ಅನ್ನುವ ವಿಧಾನ ಇದೆ, ಐಪಿ ವಿಳಾಸ ರೂಟರ್ ಕೊಡುತ್ತದೆ, ಬೂಟ್ ಫೈಲ್‌ನ ಹೆಸರು ಮಾತ್ರ ನಿಮ್ಮ ಕಂಪ್ಯೂಟರ್ ಹೇಳುತ್ತದೆ.

ಬರುವ ದೋಷದ ಸಂಖ್ಯೆ ನೋಡಿದರೆ ತೊಂದರೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಇ61 ಅಂದರೆ ಕೇಬಲ್ ನೋಡಿ. ಇ51 ಅಂದರೆ ಐಪಿ ವಿಳಾಸ ಕೊಡುವ ಡಿಎಚ್‌ಸಿಪಿಯಿಂದ ಉತ್ತರವೇ ಬಂದಿಲ್ಲ. ಇ53 ಬಂದರೆ ಖುಷಿ ಪಡಿ, ವಿಳಾಸ ಸಿಕ್ಕಿದೆ, ಬೂಟ್ ಫೈಲ್‌ನ ಹೆಸರೊಂದು ತಲುಪಬೇಕು. ಹೆಚ್ಚಿನ ಸಲ ಅದನ್ನು ತಡೆದಿರೋದು ಸರ್ವರ್ ಕಡೆಯ ಫೈರ್‌ವಾಲ್.

———

ಏನೂ ಆಗಲಿಲ್ಲ ಅಂದರೆ ಹಾರ್ಡ್ ಡಿಸ್ಕನ್ನೇ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಜೋಡಿಸಿ ಇನ್‌ಸ್ಟಾಲ್ ಮಾಡಿ. ಪೆಂಟಿಯಂ ಎಂ ಕಾಲದ್ದು ಅಂದರೆ ಅದು ಬಹುತೇಕ ಐಡಿಇ ಅನ್ನುವ ಹಳೆಯ ಜೋಡಣೆಯ ಡಿಸ್ಕ್, 44 ಪಿನ್‌ನದ್ದು. ಐಡಿಇಯಿಂದ ಯುಎಸ್‌ಬಿಗೆ ಅಡಾಪ್ಟರ್ ಸಿಗುತ್ತದೆ. ಬ್ಯಾಟರಿ ತೆಗೆದು, ಡಿಸ್ಕನ್ನು ನೇರವಾಗಿ ನಿಧಾನಕ್ಕೆ ಎಳೆಯಿರಿ, ಓರೆಯಾಗಿ ಎಳೆದರೆ ಆ ತೆಳು ಪಿನ್‌ಗಳು ಬಾಗುತ್ತವೆ.

ಸಹಾಯಕ್ಕೆ ಬಳಸುವ ಕಂಪ್ಯೂಟರ್ ಹೊಸದಾಗಿದ್ದರೆ ಅದನ್ನು ಲೆಗಸಿ (ಹಳೆಯ ಬಯಾಸ್ ರೀತಿಯ) ಮೋಡ್‌ನಲ್ಲಿ ಬೂಟ್ ಮಾಡಿಯೇ ಇನ್‌ಸ್ಟಾಲರ್ ಶುರು ಮಾಡಿ. ಬಯಾಸ್ ಜಾಗಕ್ಕೆ ಬಂದ ಹೊಸ ಪದ್ಧತಿಯಾದ ಯುಇಎಫ್‌ಐ ಮೋಡ್‌ನಲ್ಲಿ ಮಾಡಿದರೆ ಬೂಟ್‌ಲೋಡರ್ (ಲಿನಕ್ಸನ್ನು ಶುರು ಮಾಡಿಸುವ ತಂತ್ರಾಂಶ) ಆ ರೀತಿಯದ್ದೇ ಆಗುತ್ತದೆ, ಹಳೆಯ ಲ್ಯಾಪ್‌ಟಾಪ್‌ಗೆ ಅದು ಅರ್ಥವೇ ಆಗೋದಿಲ್ಲ. ಆ ಕಂಪ್ಯೂಟರ್‌ನ ಸ್ವಂತ ಡಿಸ್ಕನ್ನು ಕಳಚಿಟ್ಟರೆ ಇನ್ನೂ ಒಳ್ಳೆಯದು, ಬೂಟ್‌ಲೋಡರ್ ತಪ್ಪಿ ಅದರ ಮೇಲೆ ಬರೆಯುವ ಭಯ ಇರೋದಿಲ್ಲ. ಲಿನಕ್ಸ್ ಆದರೆ ಡಿಸ್ಕ್ ವಾಪಸ್ ಹಾಕಿದಾಗ ಸಾಮಾನ್ಯವಾಗಿ ತಕರಾರಿಲ್ಲದೆ ಏಳುತ್ತದೆ. ಎಕ್ಸ್‌ಪಿಯನ್ನು ಹೀಗೆ ಬೇರೆ ಯಂತ್ರದಲ್ಲಿ ಹಾಕಿ ತರೋಕೆ ಹೋಗಬೇಡಿ, ಡಿಸ್ಕ್ ಕಂಟ್ರೋಲರ್ ಬದಲಾದ ಕಾರಣಕ್ಕೆ ನೀಲಿ ಪರದೆ ಬರುವ ಸಾಧ್ಯತೆ ಜಾಸ್ತಿ.

———

ಯಾವ ಲಿನಕ್ಸ್ ಅನ್ನುವುದೂ ಮುಖ್ಯ ಅಲ್ವಾ? ಪೆಂಟಿಯಂ ಎಂ 32 ಬಿಟ್ ಚಿಪ್. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ, ಹಾಗಾಗಿ 12ನ್ನೇ ಹಿಡಿಯಿರಿ. ಆಂಟಿಎಕ್ಸ್ ಅನ್ನುವ ಇನ್ನೊಂದು ಲಿನಕ್ಸ್‌ನ 23ರಲ್ಲೂ 32 ಬಿಟ್ ಇದೆ, 1 ಜಿಬಿ ರ‍್ಯಾಮ್‌ಗೆ ಅದು ಇನ್ನೂ ಹಗುರ. ಮೊದಮೊದಲ ಪೆಂಟಿಯಂ ಎಂ ಚಿಪ್‌ಗಳು ಪಿಎಇ (32 ಬಿಟ್ ಚಿಪ್ 4 ಜಿಬಿಗಿಂತ ಹೆಚ್ಚು ಮೆಮೊರಿ ಬಳಸುವ ಸೌಲಭ್ಯ) ಇದೆ ಅಂತ ತೋರಿಸಿಕೊಳ್ಳೋದಿಲ್ಲ. ಅದರಿಂದ ಪಿಎಇ ಬೇಕು ಅನ್ನುವ ಕರ್ನಲ್ ಏಳೋದೇ ಇಲ್ಲ. ಪಿಎಇ ಬೇಡದ ಕರ್ನಲ್ ಆರಿಸಿ, ಅಥವಾ ಬೂಟ್ ಸಾಲಿನ ಕೊನೆಗೆ ಫೋರ್ಸ್‌ಪಿಎಇ ಅಂತ ಸೇರಿಸಿ. ಪರದೆಯ ಮೇಲಿನ ಡೆಸ್ಕ್‌ಟಾಪ್‌ಗೆ ಹಗುರವಾದ ಎಲ್‌ಎಕ್ಸ್‌ಡಿಇ ಅಥವಾ ಬರೀ ಐಸ್‌ಡಬ್ಲ್ಯುಎಂ ಸಾಕು.

———

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ಬಯಾಸ್‌ನ ಆ ಇನ್ನೊಂದು ಪಟ್ಟಿಯಲ್ಲೂ ಪೆನ್ ಡ್ರೈವ್ ಸಿಗಲಿಲ್ಲ. ಗ್ರಬ್‌ಫಾರ್‌ಡಾಸ್ ದಾರಿ ಹಿಡಿದೆ, ಡೆಬಿಯನ್ 12 ಇನ್‌ಸ್ಟಾಲರ್ ಬಂತು, ಪೆನ್ ಡ್ರೈವ್‌ನಲ್ಲಿದ್ದ ಐಎಸ್‌ಒ ತಾನೇ ಹುಡುಕಿಕೊಂಡು ಇನ್‌ಸ್ಟಾಲ್ ಪೂರ್ತಿ ಮುಗಿಯಿತು. ಈಗ ಹೊಸ ತೊಂದರೆ. ಅಪ್‌ಡೇಟ್ ಮಾಡೋಕೆ ಹೋದರೆ ರಿಲೀಸ್ ಫೈಲ್ (ಡೆಬಿಯನ್ ಸೈಟ್‌ನ ಅಪ್‌ಡೇಟ್ ಪಟ್ಟಿ) ಇನ್ನೂ ಜಾರಿಗೆ ಬಂದಿಲ್ಲ ಅನ್ನುತ್ತದೆ, ಬ್ರೌಸರ್ ಎಲ್ಲ ಸೈಟ್‌ಗೂ ಪ್ರಮಾಣಪತ್ರ ಸರಿ ಇಲ್ಲ ಅನ್ನುತ್ತದೆ. ಏನಾದರೂ ತಪ್ಪಿ ಹಾಕಿಬಿಟ್ಟೆನಾ?

———

ಇಲ್ಲ, ಇನ್‌ಸ್ಟಾಲ್ ಸರಿಯಾಗಿಯೇ ಆಗಿದೆ. ಗಡಿಯಾರ ನೋಡಿ, ಎಷ್ಟೋ ವರ್ಷ ಹಿಂದಿನ ದಿನಾಂಕ ತೋರಿಸುತ್ತಿರುತ್ತದೆ. ಬಯಾಸ್‌ಗೆ ಸಮಯ ನೆನಪಿಡುವ ಬಟನ್ ಸೆಲ್ ಮುಗಿದಿದೆ. ಸದ್ಯಕ್ಕೆ ಟರ್ಮಿನಲ್‌ನಲ್ಲಿ ಡೇಟ್ ಕಮಾಂಡ್‌ನಿಂದ ಇವತ್ತಿನ ದಿನಾಂಕ ಕೊಟ್ಟು ಅಪ್‌ಡೇಟ್ ಮಾಡಿಕೊಳ್ಳಿ. ಆಮೇಲೆ ಸೆಲ್ ಬದಲಾಯಿಸಿ. ಸಾಮಾನ್ಯವಾಗಿ ಅದು ಸಿಆರ್2032, ಆದರೆ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಸಣ್ಣ ವೈರ್ ಬೆಸುಗೆ ಹಾಕಿ ಪ್ಲಾಸ್ಟಿಕ್ ಸುತ್ತಿರುತ್ತಾರೆ. ಬಿಡಿ ಸೆಲ್ ತಂದು ಅದಕ್ಕೆ ಬಿಸಿ ಕಬ್ಬಿಣ ಮುಟ್ಟಿಸೋದು ಬೇಡ, ವೈರ್ ಸಮೇತ ಇರುವುದನ್ನೇ ತೆಗೆದುಕೊಳ್ಳಿ, ಕನೆಕ್ಟರ್ ಮತ್ತು ವೈರ್‌ಗಳ ಬಣ್ಣ ಹಳೆಯದರ ಜೊತೆ ಹೋಲಿಸಿ ನೋಡಿ. ಹೊಸದು ಹಾಕಿದ ಮೇಲೆ ಬಯಾಸ್ ಒಳಗೆ ಹೋಗಿ ದಿನಾಂಕ, ಬೂಟ್ ಆರ್ಡರ್ ಎರಡನ್ನೂ ಇನ್ನೊಮ್ಮೆ ಉಳಿಸಿ.