ಮಗಳ ಹಾಡಿನ ಆಲ್ಬಮ್‌ಗೆ 60 ಸಾವಿರ ಸಾಲ ಮಾಡಲೇ?

ಕಲಬುರಗಿ ಕಂಡಕ್ಟರ್:
ನಾನು ಕಲಬುರಗಿ–ಬೀದರ್ ಬಸ್ಸಿನಲ್ಲಿ ಕಂಡಕ್ಟರ್. ಮಗಳಿಗೆ 16 ವರ್ಷ, ಪಿಯುಸಿ ಮೊದಲ ವರ್ಷ, ವಿಜ್ಞಾನ. ಎಂಟನೆಯ ತರಗತಿಯಿಂದಲೂ ತಾನೇ ಹಾಡು ಬರೆದು ತಾನೇ ರಾಗ ಕಟ್ಟುತ್ತಾಳೆ. ಮೊನ್ನೆ ಡ್ಯೂಟಿ ಮುಗಿಸಿ ಬಂದಾಗ ಹೊಸದೊಂದು ಕೇಳಿಸಿದಳು. ರಾತ್ರಿ ಬಾಗಿಲಲ್ಲಿ ನನ್ನ ಚಿಲ್ಲರೆ ಚೀಲದ ಸದ್ದು ಕೇಳುವವರೆಗೆ ಮನೆಯಲ್ಲಿ ಯಾರೂ ಮಲಗುವುದಿಲ್ಲ ಎಂಬ ಹಾಡು. ತಟ್ಟೆಯ ಮುಂದೆ ಕುಳಿತವನಿಗೆ ರೊಟ್ಟಿ ಮುರಿಯಲು ಕೈ ಬರಲಿಲ್ಲ.

ಅವಳಿಗೆ ಅಮೆರಿಕದ ಗಾಯಕಿ ಬಿಲ್ಲಿ ಐಲಿಶ್ ಎಂದರೆ ಪ್ರಾಣ. "ಆಕೆ ಮನೆಯ ಕೋಣೆಯಲ್ಲೇ ಆಲ್ಬಮ್ ಮಾಡಿ 18ಕ್ಕೆ ಸಂಗೀತದ ದೊಡ್ಡ ಪ್ರಶಸ್ತಿ ಗ್ರ್ಯಾಮಿ ಗೆದ್ದಳು. ನನಗೆ ಕಾಲೇಜು ಯಾಕೆ ಅಪ್ಪಾ?" ಎನ್ನುತ್ತಾಳೆ. ಒಂದು ಸ್ಟುಡಿಯೊದವರು ಐದು ಹಾಡಿಗೆ 60 ಸಾವಿರ ಕೇಳಿದ್ದಾರೆ. ಹಾಡಿನ ಹಕ್ಕೆಲ್ಲ ತಮ್ಮದೆಂದು ಸಹಿಯೂ ಬೇಕಂತೆ. ಸಾಲ ಸಿಗುತ್ತದೆ. ತೆಗೆಯಲೇ?

ಬೀದರ್‌ನ ಧ್ವನಿಮುದ್ರಕ:
ಅಣ್ಣಾ, ದಯವಿಟ್ಟು ಸಹಿ ಮಾಡಬೇಡಿ. ಪದವೂ ಮಗಳದ್ದು, ರಾಗವೂ ಮಗಳದ್ದು. ಹಣವನ್ನೂ ನೀವೇ ಕೊಟ್ಟು ಹಕ್ಕನ್ನೂ ಬಿಟ್ಟುಕೊಡುವುದು ಯಾವ ನ್ಯಾಯ? 18 ತುಂಬದವಳ ಸಹಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಅದಕ್ಕೇ ನಿಮ್ಮ ಸಹಿ ಕೇಳುತ್ತಾರೆ.

ಬಿಲ್ಲಿಯ ಕಥೆ ನಿಜ, ಆದರೆ ಮಗಳು ಅದರ ಕೊನೆಯನ್ನಷ್ಟೇ ಹಿಡಿದಿದ್ದಾಳೆ. 2015ರಲ್ಲಿ, 13ನೇ ವಯಸ್ಸಿನಲ್ಲಿ, ಅಣ್ಣ ಫಿನಿಯಸ್ ಬರೆದ 'ಓಷನ್ ಐಸ್' ಹಾಡಿ ಅಂತರ್ಜಾಲಕ್ಕೆ ಹಾಕಿದಳು. ನೃತ್ಯ ಕಲಿಸುವವರಿಗೆ ಒಂದು ಹಾಡು ಬೇಕಿತ್ತು, ಅಷ್ಟೇ. ಮೊದಲ ಪೂರ್ಣ ಆಲ್ಬಮ್ ಬಂದದ್ದು 2019ರ ಮಾರ್ಚ್‌ನಲ್ಲಿ. ನಡುವಿನ ಮೂರು ವರ್ಷಕ್ಕೂ ಹೆಚ್ಚು ಕಾಲ ಒಂದೊಂದೇ ಹಾಡು, ಊರೂರು ಕಾರ್ಯಕ್ರಮ. ಆಲ್ಬಮ್ಮಿನ ಬಹುಪಾಲು ಲಾಸ್ ಏಂಜಲೀಸ್‌ನ ಪುಟ್ಟ ಮನೆಯಲ್ಲಿ, ಅಣ್ಣನ ಕೋಣೆಯಲ್ಲಿ, ಹಾಸಿಗೆಯ ಮೇಲೆ ಕುಳಿತು ಹಾಡಿದ್ದು. ಸಿಡ್ನಿಯಲ್ಲಿ ರಸ್ತೆ ದಾಟುವಾಗ ಕೇಳಿದ ಸಿಗ್ನಲ್‌ನ ಟಿಕ್‌ಟಿಕ್ ಸದ್ದನ್ನು ಮುದ್ರಿಸಿಕೊಂಡು 'ಬ್ಯಾಡ್ ಗೈ' ಹಾಡಿನಲ್ಲಿ ಬಳಸಿದರು. ನಿಮ್ಮ ಚಿಲ್ಲರೆ ಚೀಲದ ಸದ್ದು ಅದಕ್ಕಿಂತ ಏನು ಕಡಿಮೆ? ಅದನ್ನೇ ಮೊದಲು ಮುದ್ರಿಸಿ.

ನಮ್ಮ ಕಡೆಯ ಮನೆಗಳಲ್ಲಿ ತೊಡಕು ಬೇರೆ. ಶಹಾಬಾದ್ ಫರಸಿಯ ನೆಲ, ಬರಿಗೋಡೆ. ದನಿ ತಟ್ಟಿ ಮರಳುತ್ತದೆ. ನೆಲಕ್ಕೆ ಜಮಖಾನ ಹಾಸಿ, ಹಾಡುವವಳ ಹಿಂದೆ ಮತ್ತು ಎರಡೂ ಪಕ್ಕಕ್ಕೆ ದಪ್ಪ ಕೌದಿ ತೂಗುಹಾಕಿ. ಫ್ಯಾನ್ ಆರಿಸಲೇಬೇಕು. ಬೇಸಿಗೆಯಲ್ಲಿ ಅದು ಬೆಳಗಿನ ಐದಕ್ಕೆ ಮಾತ್ರ ಸಾಧ್ಯ, ಆಗ ಬೀದಿಯೂ ಸುಮ್ಮನಿರುತ್ತದೆ. ಈಗಿರುವ ಮೊಬೈಲ್ ಸಾಕು. ಬೇಕೆನಿಸಿದರೆ ಮುಂದೆ ಕಂಪ್ಯೂಟರಿಗೆ ನೇರ ಜೋಡಿಸುವ ಮೈಕ್ ಒಂದು ಕೊಳ್ಳಿ.

ಯಾದಗಿರಿಯ ಸಂಗೀತ ಶಿಕ್ಷಕಿ:
ಕಾಲೇಜಿನ ಮಾತಿಗೆ ಒಂದು ಸೇರಿಸುತ್ತೇನೆ. ಬಿಲ್ಲಿ ಓದು ಬಿಟ್ಟು ಹಾಡಿಗೆ ಬಂದವಳಲ್ಲ. ಮನೆಯಲ್ಲೇ ಪಾಠ ಕಲಿತವಳು. ತಾಯಿ ಮಕ್ಕಳಿಗೆ ಹಾಡು ಬರೆಯುವುದನ್ನು ಕಲಿಸುತ್ತಿದ್ದರು. ಎಂಟನೇ ವಯಸ್ಸಿನಿಂದ ಲಾಸ್ ಏಂಜಲೀಸ್ ಮಕ್ಕಳ ಗಾಯನವೃಂದದಲ್ಲಿ ದನಿ ಪಳಗಿತ್ತು. 2020ರ ಜನವರಿಯಲ್ಲಿ ಗ್ರ್ಯಾಮಿಯ ನಾಲ್ಕು ಮುಖ್ಯ ಪ್ರಶಸ್ತಿಗಳನ್ನು ಒಂದೇ ರಾತ್ರಿ ಗೆದ್ದವಳ ಬೆನ್ನಿಗೆ ಅಷ್ಟು ವರ್ಷದ ಅಭ್ಯಾಸವಿತ್ತು. ನಿಮ್ಮ ಮಗಳನ್ನು ಒಮ್ಮೆ ತತ್ವಪದದ ಭಜನೆಗೆ ಕರೆದೊಯ್ಯಿರಿ. ಏಕತಾರಿಯ ಒಂದೇ ತಂತಿಯ ಮೇಲೆ ರಾತ್ರಿಯಿಡೀ ಹಾಡುವವರು ಉಸಿರನ್ನು ಹೇಗೆ ಉಳಿಸಿಕೊಳ್ಳುತ್ತಾರೆ ಎಂದು ಹತ್ತಿರ ಕುಳಿತು ನೋಡಲಿ.

ಕಲಬುರಗಿ ಕಂಡಕ್ಟರ್:
ಅಕ್ಕಾವರೇ, ತಮ್ಮಾ, ಇಬ್ಬರದ್ದನ್ನೂ ಮಗಳಿಗೆ ಓದಿ ಹೇಳಿದೆ. ಆಲ್ಬಮ್ಮಿಗೆ ಮೂರು ವರ್ಷಕ್ಕೂ ಹೆಚ್ಚು ಹಿಡಿಯಿತು ಎಂಬುದು ಅವಳಿಗೆ ಗೊತ್ತಿರಲಿಲ್ಲ. ತುಸು ಹೊತ್ತು ಮಾತಾಡಲಿಲ್ಲ, ಆಮೇಲೆ ಭೌತಶಾಸ್ತ್ರದ ಪುಸ್ತಕ ತೆಗೆದಳು. ಸ್ಟುಡಿಯೊದವರಿಗೆ ಬೇಡವೆಂದು ಹೇಳಿಬಿಟ್ಟೆ. ನನ್ನ ಅವ್ವ ಹೊಲಿದ ಮೂರು ಕೌದಿಗಳು ಟ್ರಂಕಿನಲ್ಲಿದ್ದವು, ಬಿಸಿಲಿಗೆ ಹಾಕಿದ್ದೇವೆ. ಭಾನುವಾರ ಬೆಳಗ್ಗೆ ಐದಕ್ಕೆ ಮುದ್ರಣ. ಚೀಲ ಅಲ್ಲಾಡಿಸಲು ನಾನೇ ಬೇಕಂತೆ, ಅದಕ್ಕೆ ಮೊದಲ ಬಸ್ಸಿನ ಡ್ಯೂಟಿ ಬದಲಿಸಿಕೊಂಡಿದ್ದೇನೆ.