‘ಅರ್ಥಿಂಗ್ ಐತಿ’ ಅಂದರೆ ಒಳ್ಳೇದೋ, ಕೆಟ್ಟದ್ದೋ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕೆ ಸಿಕ್ಕಿಕೊಂಡಿದ್ದೇನೆ, ಬಿಡಿಸಿಕೊಡಿ.

ನಾನಿರೋದು ಬಾಗಲಕೋಟೆಯ ನವನಗರದಲ್ಲಿ. ಮನೆಯ ಪ್ಲಗ್ ಕೆಟ್ಟಾಗ ಏನು ಮಾಡಬೇಕು, ಯಾವುದಕ್ಕೆ ಕೈ ಹಾಕಬಾರದು ಅಂತ ಓಣಿಯವರಿಗಾಗಿ ಒಂದು ಪುಟದ ಚೀಟಿ ಬರೆದೆ. ಪಕ್ಕದ ಮನೆ ಕಾಕೂಗೆ ಓದಿ ಹೇಳಿದೆ. ‘ಫ್ರಿಜ್, ವಾಷಿಂಗ್ ಮಷಿನ್ ಹಚ್ಚುವ ಪ್ಲಗ್ಗಿಗೆ ಅರ್ಥಿಂಗ್ ಇದೆಯಾ ನೋಡಿಸಿ’ ಅಂತ ಒಂದು ಸಾಲಿತ್ತು. ಕಾಕೂ ನಿಶ್ಚಿಂತೆಯಿಂದ ಹೇಳಿದರು:

“ನಮ್ಮ ಮನ್ಯಾಗ ಅರ್ಥಿಂಗ್ ಇಲ್ಲೋ ತಮ್ಮಾ. ಮದ್ಲ ಇತ್ತು. ವಾಯರ್‌ಮನ್ ಬಂದು ತಗದು ಹೋದ.”

ನನ್ನ ಎದೆ ಧಸಕ್ ಅಂತು. ಕೆದಕಿ ಕೇಳಿದ ಮೇಲೆ ಗೊತ್ತಾಯ್ತು. ಅವರ ಮಷಿನ್ ಮುಟ್ಟಿದರೆ ಝುಮ್ ಅಂತಿತ್ತಂತೆ. ಒಳಗೆ ಸಿಪ್ಪೆ ಸುಲಿದ ವೈರ್ ತಗಡಿಗೆ ತಾಗುತ್ತಿತ್ತು, ವಾಯರ್‌ಮನ್ ಅದನ್ನು ಸರಿ ಮಾಡಿದ. ಕಾಕೂ ಪಾಲಿಗೆ ಆ ಝುಮ್ ಅನ್ನೋದೇ ‘ಅರ್ಥಿಂಗ್’. ‘ಮಷಿನ್ ಅರ್ಥ್ ಹೊಡೀತೈತಿ’, ‘ಮಳಿಗಾಲದಾಗ ಗ್ವಾಡಿಗೆ ಅರ್ಥಿಂಗ್ ಬರ್ತೈತಿ’ ಅನ್ನೋದನ್ನು ನಾನೂ ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ವಾಯರ್‌ಮನ್ ‘ಅರ್ಥಿಂಗ್ ಕೊಟ್ಟೇನ್ರಿ’ ಅಂದರೆ ದಾರಿ ತಪ್ಪಿದ ಕರೆಂಟನ್ನು ನೆಲಕ್ಕಿಳಿಸಿ ನಮ್ಮನ್ನು ಕಾಪಾಡುವ ವೈರ್ ಹಾಕಿದ್ದೇನೆ ಅಂತ. ಒಂದೇ ಪದ, ಒಬ್ಬರ ಬಾಯಲ್ಲಿ ರೋಗ, ಇನ್ನೊಬ್ಬರ ಬಾಯಲ್ಲಿ ಮದ್ದು.

ಸೊಗಸು ಮುಂದಿದೆ. ಕಾಕೂ ಮನೆಯ ಹಿತ್ತಲಲ್ಲಿ ಒಂದು ಸಣ್ಣ ಗುಂಡಿ ಇದೆ. ಉಪ್ಪು, ಇದ್ದಿಲು ತುಂಬಿ ನಡುವೆ ಕೊಳವೆ ಹೂತಿದ್ದಾರೆ, ಹಸಿರು ವೈರ್ ಅಲ್ಲಿಗೆ ಇಳಿದಿದೆ. ಬೇಸಿಗೆಯಲ್ಲಿ ನಮ್ಮ ಮಣ್ಣು ಒಣಗಿ ಬಿರುಕು ಬಿಡುತ್ತೆ. ಒಣ ಮಣ್ಣಿನಲ್ಲಿ ಕರೆಂಟ್ ಸರಿಯಾಗಿ ಇಳಿಯಲ್ಲ. ಅದಕ್ಕೇ ಕಾಕೂ ಏಪ್ರಿಲ್‌ನಲ್ಲಿ ಮೊಮ್ಮಗನಿಗೆ ಹೇಳೋದು: “ಆ ಅರ್ಥಿಂಗ್ ತಗ್ಗಿಗೆ ಎರಡು ಕೊಡ ನೀರ ಹಾಕು.” ಇಲ್ಲಿ ಪದ ಸರಿಯಾದ ಅರ್ಥದಲ್ಲೇ ಇದೆ! ಎರಡೂ ಅರ್ಥ ಒಂದೇ ಬಾಯಲ್ಲಿ ಜಗಳವಿಲ್ಲದೆ ಬಾಳುತ್ತಿವೆ.

ನನ್ನ ಊಹೆ ಹೀಗಿದೆ. ಕರೆಂಟ್ ದಾರಿ ತಪ್ಪಿ ನೆಲಕ್ಕಿಳಿಯುವ ದೋಷಕ್ಕೆ ಕಸುಬಿನವರು ‘ಅರ್ಥ್ ಫಾಲ್ಟ್’ ಅಂತಾರೆ. ಮಾತಿನಲ್ಲಿ ‘ಫಾಲ್ಟ್’ ಉದುರಿ ‘ಅರ್ಥ್ ಆಗೈತಿ’ ಉಳಿದಿರಬೇಕು. ‘ಶಾರ್ಟ್ ಸರ್ಕ್ಯೂಟ್’ ಹೋಗಿ ‘ಶಾರ್ಟ್ ಆತು’ ಆಗಿಲ್ವಾ, ಹಾಗೆ. ಇದಕ್ಕಿಂತ ಒಳ್ಳೆಯ ವಿವರಣೆ ಇದ್ದರೆ ಕೊಡಿ.

‘ಶಾರ್ಟ್’ ಅಂದಾಗ ನೆನಪಾಯ್ತು. ನಮ್ಮಲ್ಲಿ ಏನು ಕೆಟ್ಟರೂ ಅದು ‘ಶಾರ್ಟ್’. ನೀರು ಕಾಸುವ 1500 ವ್ಯಾಟ್ ಕಾಯಿಲ್ಲನ್ನು 6 ಆಂಪಿಯರ್ ಪ್ಲಗ್ಗಿಗೆ ಹಚ್ಚುತ್ತಾರೆ. 230 ವೋಲ್ಟ್ ಲೆಕ್ಕದಲ್ಲಿ ಅದು ಎಳೆಯೋದೇ ಸುಮಾರು 6.5 ಆಂಪಿಯರ್. ಒಳಗಿನ ಸ್ಕ್ರೂ ಸಡಿಲ ಇದ್ದರಂತೂ ಮುಗೀತು, ತೂತಿನ ಸುತ್ತ ಕಪ್ಪಾಗಿ ಸುಟ್ಟ ವಾಸನೆ ಬರುತ್ತೆ. ಅದು ಶಾರ್ಟ್ ಅಲ್ಲ, ಬಿಸಿಗೆ ಸುಟ್ಟಿದ್ದು. ಆದರೆ ‘ಶಾರ್ಟ್’ ಅಂದರೂ ಜನ ಮೇನ್ ಆಫ್ ಮಾಡಿ ವಾಯರ್‌ಮನ್ನನ್ನೇ ಕರೀತಾರೆ. ಹಾಗಾಗಿ ಆ ತಪ್ಪಿನಿಂದ ಅಪಾಯವಿಲ್ಲ, ಇರಲಿ ಬಿಡಿ. ಗೋಡೆಯಲ್ಲಿರೋದನ್ನು ‘ಪ್ಲಗ್’, ಅದಕ್ಕೆ ಚುಚ್ಚೋದನ್ನು ‘ಪಿನ್’ ಅನ್ನೋದೂ ಹಾಗೇ. ಚೀಟಿಯಲ್ಲೂ ‘ಸಾಕೆಟ್’ ಹೊಡೆದು ‘ಪ್ಲಗ್’ ಅಂತಲೇ ಬರೆದೆ.

‘ಅರ್ಥಿಂಗ್’ ಮಾತ್ರ ಹಾಗೆ ಬಿಡೋಕಾಗಲ್ಲ. ‘ಅರ್ಥಿಂಗ್ ಇಲ್ಲದಿದ್ದರೆ ಅಪಾಯ’ ಅಂತ ಬರೆದರೆ, ಓದಿದವರು ‘ನಮ್ಮಲ್ಲಿ ಇಲ್ಲ, ಚಲೋ ಆತು’ ಅಂತ ಸುಮ್ನೆ ಕೂತುಬಿಡ್ತಾರೆ. ಪ್ಲಗ್ ನೋಡಿದರೆ ಗೊತ್ತಾಗಲ್ವಾ ಅಂದರೆ, ಅದೂ ಇಲ್ಲ. ಮೇಲಿನ ದೊಡ್ಡ ತೂತು ಅರ್ಥಿಂಗ್‌ನದ್ದೇ ಹೌದು. ಆದರೆ ಹಳೇ ಮನೆಗಳಲ್ಲಿ ತೂತಿದ್ದು ಹಿಂದೆ ವೈರೇ ಇಲ್ಲದ್ದನ್ನು ಎಷ್ಟೋ ಕಡೆ ನೋಡಿದ್ದೇನೆ. ಆ ತೂತಿಗೆ ಪೆನ್ನು ತುರುಕಿ ಟೂ ಪಿನ್ ಒಳಗೆ ತಳ್ಳುವ ಶೂರರ ಬಗ್ಗೆ ಇಲ್ಲಿ ಬೇಡ, ಚೀಟಿಯಲ್ಲಿ ಬೈದಿದ್ದೇನೆ.

ಬೇರೆ ಪದ ಹುಡುಕಿದೆ. ಪಠ್ಯಪುಸ್ತಕದ ‘ಭೂಸಂಪರ್ಕ’ ಇದೆ. ಕಾಕೂಗೆ ಹೇಳಿದರೆ ನಕ್ಕರು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಬಿಟ್ಟು ಬಂದವರು ಅವರು. “ಭೂ ಅಂದಕೂಡ್ಲೆ ನಮಗ ಭೂಸ್ವಾಧೀನನ ನೆಪ್ಪಾಗತೈತಿ, ಅದೊಂದು ಬ್ಯಾಡ” ಅಂದರು. ‘ಹಸಿರು ವೈರ್’ ಅನ್ನೋಣ ಅಂದರೆ ಹಳೇ ವೈರಿಂಗ್‌ನಲ್ಲಿ ಬಣ್ಣ ನಂಬೋ ಹಾಗಿಲ್ಲ. ‘ನೆಲದ ವೈರ್’ ನನಗೆ ಹಿಡಿಸಿತು, ಆದರೆ ವಾಯರ್‌ಮನ್ “ನೆಲದಾಗ ಹೂಳೂ ಕೇಬಲ್ ಏನ್ರಿ?” ಅಂದ.

ಸದ್ಯಕ್ಕೆ ಪದವನ್ನೇ ಬಿಟ್ಟು ಹೀಗೆ ಬರೆದಿದ್ದೇನೆ: ‘ಮಷಿನ್ ಮುಟ್ಟಿದರೆ ಝುಮ್ ಅಂದರೆ ಮತ್ತೆ ಮುಟ್ಟಬೇಡಿ, ಪಿನ್ ಕೀಳಲೂ ಹೋಗಬೇಡಿ. ಒಣಗಿದ ಕೈಯಿಂದ ಮೊದಲು ಮೇನ್ ಆಫ್ ಮಾಡಿ. ಆಮೇಲೆ ಪ್ಲಗ್ಗಿನಿಂದ ಹಿತ್ತಲ ತಗ್ಗಿನವರೆಗೆ ಹೋಗುವ ವೈರ್ ಸರಿ ಇದೆಯಾ ಅಂತ ವಾಯರ್‌ಮನ್‌ಗೆ ಕೇಳಿ.’ ಕೆಲಸ ನಡೆಯುತ್ತೆ, ಆದರೆ ಉದ್ದ ಜಾಸ್ತಿ ಆಯ್ತು.

ವಿಜಯಪುರದವರು ‘ಅರ್ಥಿಂಗ್ ಬರ್ತದ’ ಅಂದರೆ ಯಾವ ಅರ್ಥ? ಬೆಳಗಾವಿಯಲ್ಲಿ ಕನ್ನಡ, ಮರಾಠಿ ಎರಡೂ ಆಡುವ ವಾಯರ್‌ಮನ್‌ಗಳು ಝುಮ್ ಅನ್ನೋದಕ್ಕೆ ಒಂದು, ವೈರ್‌ಗೆ ಇನ್ನೊಂದು ಅಂತ ಬೇರೆ ಬೇರೆ ಪದ ಇಟ್ಟುಕೊಂಡಿದ್ದಾರಾ? ಕಿವಿಯಲ್ಲಿ ಕೇಳಿದ್ದನ್ನು ಹಾಗೇ ಬರೆದು ಕಳಿಸಿ.